ಪುತ್ತೂರಿನಲ್ಲಿ ಬಾಸ್ ಉಂಟು, ಸುಳ್ಯದಲ್ಲಿ ಇಲ್ಲ

ನನ್ನ ಎಡಗಿವಿಗೆ ಪುತ್ತೂರಿನಲ್ಲಿ ಬಾಸ್, ಅಂದರೆ ಹಾಡಿನ ತಗ್ಗುಸದ್ದಿನ ಗುಂಕಾರ, ಕೇಳಿಸುತ್ತದೆ, ಸುಳ್ಯದಲ್ಲಿ ಕೇಳಿಸುವುದಿಲ್ಲ.

ಇದೇ ಮಾತನ್ನು ಇಂಗ್ಲಿಷಿನಲ್ಲಿ ಬರೆದು ನನ್ನ ಹೊಸ ಇಯರ್‌ಫೋನ್ ತಯಾರಿಸಿದ ಕಂಪನಿಗೆ ಈಮೇಲ್ ಮಾಡಿದ್ದೆ. ಎರಡೇ ದಿನದಲ್ಲಿ ಉತ್ತರ ಬಂತು. ಬಹಳ ವಿನಯದ ಉತ್ತರ. ಸುಳ್ಯ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂದು ಕೇಳಿದ್ದರು.

ನಗಬೇಡಿ. ಆ ಹೊತ್ತಿಗೆ ನನಗೂ ಅದೇ ಸಂಶಯ ಬಂದಿತ್ತು.

ಈ ಅಂಕಣ ಓದುವವರಿಗೆ ನನ್ನ ಇಯರ್‌ಫೋನ್ ಹುಚ್ಚು ಹೊಸದಲ್ಲ. ಮನೆ ಸುಳ್ಯ, ಕೆಲಸ ಪುತ್ತೂರಿನ ಕಾಲೇಜೊಂದರ ಲೈಬ್ರರಿ, ದಿನವೂ ಬಸ್ಸಿನಲ್ಲಿ ಹೋಗಿ ಬರುವುದು. ಬಸ್ಸಿನ ಹಾರ್ನು, ಕಂಡಕ್ಟರನ ಸೀಟಿ, ಹಿಂದಿನ ಸೀಟಿನವರ ಫೋನು, ಇವೆಲ್ಲದರ ನಡುವೆ ಒಂದು ವಯಲಿನ್ ಕೇಳಬೇಕೆಂದರೆ ಕಿವಿಯನ್ನು ಬಿಗಿಯಾಗಿ ಮುಚ್ಚುವ ಸಾಧನವೇ ಬೇಕು. ಸ್ಟೇಜಿನಲ್ಲಿ ಹಾಡುವವರು ಕಿವಿಯೊಳಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಇನ್-ಇಯರ್ ಮಾನಿಟರ್, ಅದು.

ಅದರಲ್ಲಿ ಎರಡು ಜಾತಿ. ಒಂದು ಯೂನಿವರ್ಸಲ್. ಎಲ್ಲರ ಕಿವಿಗೂ ಒಂದೇ ಆಕಾರ. ತುದಿಗೆ ರಬ್ಬರಿನದೋ ಫೋಮಿನದೋ ಟಿಪ್ ಹಾಕಿ ಹೊಂದಿಸಿಕೊಳ್ಳಬೇಕು. ಇನ್ನೊಂದು ಕಸ್ಟಮ್. ನಿಮ್ಮ ಕಿವಿಯೊಳಗೆ ಮೆತ್ತನೆಯ ಪೇಸ್ಟ್ ತುಂಬಿಸಿ ಅಚ್ಚು ತೆಗೆದು, ಆ ಅಚ್ಚಿನಂತೆ ನಿಮಗೊಬ್ಬರಿಗೇ ಮಾಡಿಕೊಡುತ್ತಾರೆ. ಅದು ನಿಮ್ಮ ಅಣ್ಣನಿಗೂ ಆಗುವುದಿಲ್ಲ.

ಯೂನಿವರ್ಸಲ್ ಪಕ್ಷದ ನಾಯಕ ನನ್ನ ಗೆಳೆಯ ಬಾಬಣ್ಣ. ಕಡಬದಲ್ಲಿ ಟೈಲರ್. ಗಲ್ಫಿನಲ್ಲಿರುವ ಭಾವ ತಂದುಕೊಟ್ಟ ಭಾರೀ ಯೂನಿವರ್ಸಲ್ ಒಂದನ್ನು ಹಾಕಿಕೊಂಡೇ ಮೆಷಿನ್ ತುಳಿಯುತ್ತಾನೆ. ಗುಂಡಿಗಳ ಡಬ್ಬಿಯಲ್ಲಿ ಒಂದು ಕೋಣೆ ಖಾಲಿ ಮಾಡಿ ಅದರಲ್ಲಿ ಟಿಪ್ಪುಗಳನ್ನು ಇಟ್ಟಿದ್ದಾನೆ: ದೊಡ್ಡದು, ಸಣ್ಣದು, ಫೋಮಿನದು, ಎಡಕ್ಕೊಂದು ಸೈಜು, ಬಲಕ್ಕೊಂದು ಸೈಜು. ಇಡೀ ಕಡಬಕ್ಕೆ ಅಳತೆ ತೆಗೆದು ಬಟ್ಟೆ ಹೊಲಿಯುವ ಮನುಷ್ಯ ತನ್ನ ಕಿವಿಗೆ ಮಾತ್ರ ರೆಡಿಮೇಡ್ ಹಾಕುತ್ತಾನೆ! ಕೇಳಿದರೆ, "ಅಳತೆಯ ಕಷ್ಟ ನನಗೆ ಗೊತ್ತುಂಟು ಮಾರಾಯ್ರೆ, ಅದಕ್ಕೇ" ಎನ್ನುತ್ತಾನೆ.

ನಾನು ಕಸ್ಟಮ್ ಪಕ್ಷ. ಆದರೆ ಹಲವು ವರ್ಷ ಬರೀ ಬಾಯಿಮಾತಿನ ಪಕ್ಷ. ಅದರ ಬೆಲೆ ಕೇಳಿದರೆ ಮನೆಯಲ್ಲಿ ಅನ್ನ ಬೀಳುವುದೇ ಕಷ್ಟ ಎಂದು ಸುಮ್ಮನಿದ್ದೆ. ಕೊನೆಗೆ "ತಗೊಳ್ಳಿ" ಎಂದವಳು ನನ್ನ ಹೆಂಡತಿ ಸುಮಳೇ. ಯಾಕೆ ಎಂದು ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಏಳೆಂಟು ತಿಂಗಳ ಹಿಂದೆ ಹಲ್ಲಿನ ಡಾಕ್ಟರು ನನ್ನ ಬಾಯಿಗೆ ಟಾರ್ಚ್ ಬಿಟ್ಟು, ಎಡ ಕೆನ್ನೆಯ ಒಳಗೆ ಒಂದು ಬಿಳಿ ಮಚ್ಚೆ ತೋರಿಸಿದ್ದರು. "ಎಲೆಯಡಿಕೆ ಇವತ್ತಿಗೆ ಸಾಕು. ಇದು ಬೆಳೆಯಬಾರದು" ಎಂದರು. ಮೂವತ್ತು ವರ್ಷದ ಚಟ. ಸುಮ ಆಸ್ಪತ್ರೆಯ ಮೆಟ್ಟಿಲಿನಲ್ಲೇ ನಿಂತು ಒಪ್ಪಂದ ಮಾಡಿದಳು. "ನೀವೊಬ್ರೇ ಬಿಡುದು ಕಷ್ಟ. ನಾನು ಚಾ ಬಿಡ್ತೇನೆ. ಇಬ್ರೂ ಒಟ್ಟಿಗೆ ಬಿಡುವ."

ಸುಮ ಮತ್ತು ಚಾ! ದಿನಕ್ಕೆ ಐದು ಲೋಟ, ಅದೂ ಕಡುಬಣ್ಣದ್ದು. ಮದುವೆಗೆ ಹೋದರೆ ಊಟಕ್ಕಿಂತ ಮೊದಲು ಚಾ ಎಲ್ಲಿ ಎಂದು ಕೇಳುವವಳು. ಅಂಥವಳು ಮರುದಿನ ಬೆಳಿಗ್ಗೆ ಲೋಟದಲ್ಲಿ ಬಿಸಿನೀರು ಹಿಡಿದು ಜಗಲಿಯಲ್ಲಿ ಕೂತಳು. ಒಂದು ವಾರ ತಲೆನೋವು ಅಂತ ಹಣೆಗೆ ಬಟ್ಟೆ ಕಟ್ಟಿಕೊಂಡೇ ಓಡಾಡಿದಳು. ಚಾ ಮಾತ್ರ ಮುಟ್ಟಲಿಲ್ಲ.

ನಾನೂ ಬಿಟ್ಟೆ. ಸುಮ ಅದನ್ನು ತವರಿಗೆ ಫೋನ್ ಮಾಡಿ ಹೇಳಿದಳು, ಪಕ್ಕದ ಮನೆಗೆ ಹೇಳಿದಳು, ತರಕಾರಿ ಅಂಗಡಿಯಲ್ಲೂ ಹೇಳಿದಳು. ನಾಲ್ಕು ತಿಂಗಳು ಕಳೆದಾಗ ಒಂದು ದಿನ ತಾನಾಗಿಯೇ ಹೇಳಿದಳು. "ಎಲೆ ಬಿಟ್ಟಿದ್ದೀರಲ್ಲ, ಆ ಕಿವಿಯದ್ದು ತಗೊಳ್ಳಿ. ನಿಮ್ಗೊಂದು ಬಹುಮಾನ ಬೇಡ್ವಾ?"

ಹೀಗೆ, ಚಟ ಬಿಟ್ಟದ್ದಕ್ಕೆ ಬಹುಮಾನವಾಗಿ ನನ್ನ ಕಿವಿಯ ಅಳತೆ ನಡೆಯಿತು.

ಪುತ್ತೂರಿನಲ್ಲಿ ಶ್ರವಣಯಂತ್ರ ಮಾಡಿಕೊಡುವ ಒಂದು ಸೆಂಟರಿದೆ. ಮಧ್ಯಾಹ್ನ ಊಟ ಮುಗಿಸಿ, ಲೈಬ್ರರಿಯಿಂದ ಅರ್ಧ ಗಂಟೆ ಬಿಡುವು ಮಾಡಿಕೊಂಡು ಹೋದೆ. ಅಲ್ಲಿನ ಹುಡುಗಿ ಕಿವಿಯೊಳಗೆ ಟಾರ್ಚ್ ಬಿಟ್ಟು ನೋಡಿ, ದಾರ ಕಟ್ಟಿದ ಸ್ಪಂಜು ಇಟ್ಟು, ತಣ್ಣಗಿನ ಪೇಸ್ಟ್ ತುಂಬಿಸಿದಳು. ಇಡೀ ಲೋಕವೇ ಬಾಗಿಲು ಹಾಕಿಕೊಂಡಂತಾಯಿತು. "ಐದು ನಿಮಿಷ ಬಾಯಿ ಮುಚ್ಚಿ ಕೂತ್ಕೊಳ್ಳಿ ಸರ್. ಮಾತಾಡ್ಬೇಡಿ, ದವಡೆ ಅಲ್ಲಾಡಿಸ್ಬೇಡಿ" ಎಂದು ಮೊದಲೇ ಹೇಳಿದ್ದಳು. ನಾನು ತಲೆಯಾಡಿಸಿದ್ದೆ. ಐದು ನಿಮಿಷ ಕಲ್ಲಿನ ಹಾಗೆ ಕೂತೆ. ಅಚ್ಚು ಹೊರಗೆ ತೆಗೆದು ಅವಳು ಮೆಚ್ಚಿಕೊಂಡಳು. "ಇಷ್ಟು ಅಲ್ಲಾಡದೆ ಕೂತವರು ನೀವೇ ಫಸ್ಟ್. ಎಲ್ಲರೂ ನಡುವೆ ಎಂತಾದ್ರೂ ಮಾತಾಡ್ತಾರೆ." ನಾನು ಅದಕ್ಕೂ ತಲೆಯಾಡಿಸಿ ಹೊರಟು ಬಂದೆ.

(ಒಂದೇ ಒಂದು ಮಾತೂ ಯಾಕೆ ಆಡಲಿಲ್ಲ ಎನ್ನುತ್ತೀರಾ? ಇರಿ, ಹೇಳುತ್ತೇನೆ.)

ತಿಂಗಳ ಮೇಲೆ ಪಾರ್ಸೆಲ್ ಲೈಬ್ರರಿಗೇ ಬಂತು. ಮಧ್ಯಾಹ್ನದ ಊಟದ ನಂತರ ಕಪಾಟುಗಳ ಹಿಂದೆ ಕೂತು ಹಾಕಿಕೊಂಡೆ. ಏನು ಹೇಳಲಿ! ಮೃದಂಗದ ಎಡಭಾಗದ ಗುಂಕಾರ ಎದೆಯೊಳಗೇ ಹುಟ್ಟಿದ ಹಾಗೆ. ವಯಲಿನ್ನಿನ ಬಿಲ್ಲು ತಂತಿಗೆ ತಾಗುವ ಮೊದಲು ವಾದಕ ಎಳೆದುಕೊಂಡ ಉಸಿರು. ಹಿಂದೆ ಯಾರೋ ಕುರ್ಚಿ ಸರಿಸಿದ ಸದ್ದು. ಹಾಕಿಕೊಂಡದ್ದೇ ಗೊತ್ತಾಗದಷ್ಟು ಹಗುರ. ಯೂನಿವರ್ಸಲ್ಲಾದರೆ ಮುಕ್ಕಾಲು ಗಂಟೆಗೆ ಕಿವಿ ನೋಯಲು ಶುರುವಾಗುತ್ತಿತ್ತು. ಇದರಲ್ಲಿ ನೋವಿನ ಸುಳಿವೇ ಇಲ್ಲ. ಬಾಬಣ್ಣನಿಗೆ ಅಲ್ಲಿಂದಲೇ ಮೆಸೇಜ್ ಹಾಕಿದೆ: "ನಿಮ್ಮ ಪಕ್ಷ ಸೋತಿತು."

ಸಂಜೆ ಮನೆಗೆ ಬಂದು, ಸುಮಳ ಎದುರು ಠೀವಿಯಿಂದ ಹಾಕಿಕೊಂಡರೆ, ಎಡಗಿವಿಯಲ್ಲಿ ಮೃದಂಗವೇ ಇಲ್ಲ! ತಗಡಿನ ಮೇಲೆ ಬೆರಳು ಬಡಿದಂತೆ ಟಿಕ್ ಟಿಕ್. ಹಾಡೆಲ್ಲ ಹೊರಗೆ ಸೋರುತ್ತಿತ್ತು. "ಇದೆಂತ, ನಂಗೂ ಕೇಳ್ತದಲ್ಲ!" ಎಂದಳು ಸುಮ.

ಮರುದಿನ ಮಧ್ಯಾಹ್ನ ಪುತ್ತೂರಿನಲ್ಲಿ ಪುನಃ ಸ್ವರ್ಗ. ಸಂಜೆ ಸುಳ್ಯದಲ್ಲಿ ಪುನಃ ತಗಡು. ವಾರವಿಡೀ ಇದೇ ಕಥೆ. ಬಸ್ಸಿನಲ್ಲಿ ಸಂಶೋಧನೆ ಮಾಡಿದೆ. ಕುಂಬ್ರದವರೆಗೆ ಬಾಸ್ ಗಟ್ಟಿಯಾಗಿದೆ. ಕಾವು ದಾಟುವಾಗ ತುಸು ಸಂಶಯ. ಜಾಲ್ಸೂರಿಗೆ ಬರುವಾಗ ಪೂರ್ತಿ ಖಾಲಿ. ಜಾಲ್ಸೂರಿನಲ್ಲಿ ಅಂಥದ್ದೇನಿದೆ? ಗಾಳಿಯ ಒತ್ತಡವೇ? ತೇವವೇ? ಅಷ್ಟು ಓದಿದ ನಾನು, ಅಷ್ಟೊಂದು ಪುಸ್ತಕಗಳ ನಡುವೆ ಕೂತವನು, ಕಂಪನಿಗೆ ಆ ಈಮೇಲ್ ಬರೆದದ್ದು ಹೀಗೆ.

ಕಂಪನಿಯವರು ಸಮುದ್ರಮಟ್ಟ ವಿಚಾರಿಸಿದ ಮೇಲೆ, ಇನ್ನೊಂದು ಸಾಲು ಸೇರಿಸಿದ್ದರು: ಅಚ್ಚು ಪುನಃ ತೆಗೆಸಿ ಕಳಿಸಿದರೆ ಉಚಿತವಾಗಿ ಇಯರ್‌ಫೋನಿನ ಹೊಸ ಹೊರಚಿಪ್ಪು ಮಾಡಿಕೊಡುತ್ತೇವೆ.

ಭಾನುವಾರ ಇಯರ್‌ಫೋನ್ ಹಿಡಿದುಕೊಂಡು ಸುಳ್ಯದಿಂದ ನೇರವಾಗಿ ಕಡಬಕ್ಕೆ ಹೋದೆ. ಬಾಬಣ್ಣ ಅಂಗಡಿಯ ಅರ್ಧ ಶಟರ್ ಎಳೆದು, ಚಾ ಮತ್ತು ಗೋಳಿಬಜೆ ತರಿಸಿ, ಮದುವೆ ಮಾತುಕತೆಗೆ ಕೂತಂತೆ ಗಂಭೀರವಾಗಿ ಕೂತ. ಮೊದಲು ಅವನ ಯೂನಿವರ್ಸಲ್. ಡಬ್ಬಿಯಿಂದ ಟಿಪ್ ಹುಡುಕಿ ನನ್ನ ಎಡಗಿವಿಗೊಂದು, ಬಲಗಿವಿಗೊಂದು ಹಾಕಿದ. ಎರಡೂ ಕಿವಿ ತುಂಬಿತು. ದೊಡ್ಡ ಹಾಲಿನಲ್ಲಿ ಕೂತ ಹಾಗೆ ವಿಶಾಲವಾದ ಸದ್ದು. ಸುಳ್ಳು ಹೇಳಬಾರದು, ಚೆನ್ನಾಗಿತ್ತು.

ಆಮೇಲೆ ನನ್ನ ಕಸ್ಟಮ್. ಬಲಗಿವಿಯಲ್ಲಿ ಬಾಬಣ್ಣನ ಇಯರ್‌ಫೋನಿಗಿಂತ ಒಂದು ಕೈ ಮೇಲು. ಎಡಗಿವಿಯಲ್ಲಿ ತಗಡು.

ಬಾಬಣ್ಣ ಕುತ್ತಿಗೆಯ ಟೇಪು ಸರಿಮಾಡಿಕೊಂಡು ನನ್ನ ಮುಖವನ್ನೇ ನೋಡಿದ. "ಅಳತೆ ತೆಗೆಯುವಾಗ ನೀವು ಹೇಗೆ ಕೂತಿದ್ರಿ?"

"ಸರಿಯಾಗಿಯೇ ಕೂತಿದ್ದೆ ಮಾರಾಯ. ಅಲ್ಲಾಡ್ಲೇ ಇಲ್ಲ. ಆ ಹುಡುಗಿ ಹೊಗಳಿದ್ದು ಬೇರೆ."

"ಅಲ್ಲ, ಕೇಳಿ. ನನ್ನಲ್ಲಿಗೆ ಅಳತೆ ಕೊಡ್ಲಿಕ್ಕೆ ಬರುವವರಲ್ಲಿ ಸುಮಾರು ಜನ ಹೊಟ್ಟೆ ಒಳಗೆ ಎಳ್ಕೊಂಡು ನಿಲ್ಲುದು. ಟೇಪು ಎಂತ ಮಾಡ್ತದೆ? ಇದ್ದದ್ದನ್ನು ತೋರಿಸ್ತದೆ. ಮನೆಗೆ ಹೋಗಿ ಉಸಿರು ಬಿಟ್ಟ ಕೂಡ್ಲೇ ಗುಂಡಿ ಹಾರಿ ಹೋಗ್ತದೆ. ಬೈಗಳು ನನಗೆ." ಅವನು ಸ್ವಲ್ಪ ಹತ್ತಿರ ಬಾಗಿದ. "ನೀವು ಹೊಟ್ಟೆ ಎಳ್ಕೊಳ್ಳಿಲ್ಲ. ಸರಿ. ಬಾಯಿಯಲ್ಲಿ ಎಂತ ಇತ್ತು?"

ನಾನು ಗೋಳಿಬಜೆಯ ಕಡೆ ನೋಡಿದೆ.

"ಹೇಳಿ ಮಾರಾಯ್ರೆ. ಊಟ ಆದ ಮೇಲೆ ಪುತ್ತೂರಿನಲ್ಲಿ ನೀವು ಎಂತ ಮಾಡುದು?"

ಈಗ ಹೇಳಲೇಬೇಕು. ಸುಳ್ಯದಲ್ಲಿ ನಾನು ಎಲೆಯಡಿಕೆ ಬಿಟ್ಟಿದ್ದೆ. ಪುತ್ತೂರಿನಲ್ಲಿ ಬಿಟ್ಟಿರಲಿಲ್ಲ. ಊಟವಾದ ಮೇಲೆ ಒಂದು, ಸಂಜೆ ಬಸ್ ಹತ್ತುವ ಮೊದಲು ಒಂದು. ಮಾತಾಡಬಾರದು ಎಂದು ಬೋರ್ಡು ಹಾಕಿದ ಜಾಗದಲ್ಲಿ ಕೆಲಸ ಮಾಡುವವನು ಬಾಯಿ ತುಂಬಿಕೊಂಡು ಕೂತರೆ ಯಾರಿಗೆ ಗೊತ್ತಾಗುತ್ತದೆ? ಜಾಲ್ಸೂರು ಬರುವ ಹೊತ್ತಿಗೆ ಬಾಟಲಿಯ ನೀರಿನಿಂದ ಬಾಯಿ ಮುಕ್ಕಳಿಸಿ, ಏಲಕ್ಕಿ ಹಾಕಿಕೊಂಡು, ಸಂಭಾವಿತನಾಗಿ ಮನೆ ಸೇರುತ್ತಿದ್ದೆ. ಕಿವಿಯ ಅಚ್ಚು ತೆಗೆದ ದಿನವೂ ಎಡ ಕೆನ್ನೆಯಲ್ಲಿ ಉಂಡೆ ಇತ್ತು. ಅಲ್ಲಾಡದೆ ಕೂತದ್ದು ಶಿಸ್ತಿನಿಂದಲ್ಲ ಸ್ವಾಮಿ, ಅಲ್ಲಾಡಿದರೆ ರಸ ಅಂಗಿಗೆ ಇಳಿಯುತ್ತಿತ್ತು!

ಬಾಬಣ್ಣ ಒಂದು ಗೋಳಿಬಜೆ ಎತ್ತಿ ಕೊಟ್ಟ. "ಎಡ ಕೆನ್ನೆಯಲ್ಲಿ ಇಡಿ. ಜಗಿಯುದು ಬೇಡ."

ಇಟ್ಟೆ. ದವಡೆ ಒಂದು ಕೂದಲೆಳೆ ಆಚೆ ಸರಿಯಿತು, ಕಿವಿಯ ಒಳಗು ಅಚ್ಚಿಗೆ ಬಿಗಿಯಾಗಿ ಹೊಂದಿತು. ಮೃದಂಗ ಬಂತು. ಗುಂಕಾರದ ಸಮೇತ ಬಂತು.

ಬಾಬಣ್ಣ ನಗುತ್ತಾನೆ, ನಗುತ್ತಾನೆ, ಕಣ್ಣೊರೆಸಿಕೊಳ್ಳುತ್ತಾನೆ. "ನಿಮ್ಮದು ಕಸ್ಟಮ್ಮೇ ಸೈ. ನಿಮ್ಮ ಬಾಯಿಯ ಎಲೆಗೂ ಸೇರಿಸಿ ಅಳತೆ ತೆಗೆದಿದ್ದಾರೆ!" ಆಮೇಲೆ ನಗು ನಿಲ್ಲಿಸಿ ಕೇಳಿದ. "ಸುಮಕ್ಕನಿಗೆ ಗೊತ್ತುಂಟಾ?"

ವಾಪಸು ಬರುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಗೊತ್ತಾಗುವ ಅಗತ್ಯವೇ ಇಲ್ಲವಲ್ಲ? ಖಾಲಿ ಬಾಯಿಯಲ್ಲಿ ಹೋಗಿ ಇನ್ನೊಮ್ಮೆ ಅಚ್ಚು ಕೊಟ್ಟರಾಯಿತು. ಉಚಿತ. ಯಾರಿಗೂ ಸುದ್ದಿಯಿಲ್ಲ. ಮನೆಯ ಮೆಟ್ಟಿಲು ಹತ್ತುವಾಗ ಮನಸ್ಸು ಗಟ್ಟಿಯೂ ಆಗಿತ್ತು.

ಸುಮ ಜಗಲಿಯಲ್ಲಿ ಕೂತಿದ್ದಳು. ಕೈಯಲ್ಲಿ ಅದೇ ಲೋಟ. ಬಿಸಿನೀರು. ಚಾ ಕುಡಿಯುವ ಹಾಗೆಯೇ ಊದಿ ಊದಿ ಕುಡಿಯುತ್ತಿದ್ದಳು. "ಬಾಬಣ್ಣ ಎಂತ ಹೇಳಿದ್ರು? ಸರಿ ಆಗ್ತದಂತಾ?"

ಆ ಊದುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ನಾಚಿಕೆಯಾಯಿತು. ಎಲ್ಲ ಹೇಳಿಬಿಟ್ಟೆ. ಪುತ್ತೂರು, ಜಾಲ್ಸೂರು, ಏಲಕ್ಕಿ, ಗೋಳಿಬಜೆ, ಏನೂ ಬಿಡದೆ ಹೇಳಿದೆ.

ಅವಳು ಎದ್ದು ಒಳಗೆ ಹೋದಳು. ಗ್ಯಾಸ್ ಹಚ್ಚಿದ ಸದ್ದು. ಸ್ವಲ್ಪ ಹೊತ್ತಿಗೆ ಚಾದ ಪರಿಮಳ. ಒಂದೇ ಲೋಟ ಹಿಡಿದು ಬಂದು ನನ್ನ ಎದುರೇ ಕೂತು, ನಿಧಾನವಾಗಿ ಕೊನೆಯ ಗುಟುಕಿನವರೆಗೆ ಕುಡಿದಳು. ಕಣ್ಣು ತುಂಬಿತ್ತು. "ನೀವು ತಿಂದದ್ದು ಒಂದು ಬೇಜಾರ. ನಾನು ಊರಿಡೀ ಹೇಳ್ತಾ ಬಂದೆನಲ್ಲ, ಅದು ಇನ್ನೊಂದು" ಎಂದಳು.

ಮರುದಿನ ಬೆಳಿಗ್ಗೆ ನೋಡಿದರೆ ಅವಳ ಕೈಯಲ್ಲಿ ಪುನಃ ಬಿಸಿನೀರು. ಚಾ ಬೇಡವೇ ಎಂದು ನಾನು ತಡವರಿಸುತ್ತಾ ಕೇಳಿದ್ದಕ್ಕೆ ಅವಳೆಂದಳು: "ಮಾತು ತಪ್ಪಿದ್ದು ನೀವು. ನಾನ್ಯಾಕೆ ಮಾತು ತಪ್ಬೇಕು?"

ಅವತ್ತೇ ಹಲ್ಲಿನ ಡಾಕ್ಟರ ಬಳಿ ಹೋಗಿ ಅವರಿಗೂ ನಿಜ ಹೇಳಿದೆ. ಮಚ್ಚೆ ಬೆಳೆದಿಲ್ಲ, ಹೋಗಿಯೂ ಇಲ್ಲ. ಈಗಲಾದರೂ ಬಿಟ್ಟರೆ ಹೋದೀತು ಎಂದರು.

ಮುಂದಿನ ಶನಿವಾರ ಪುನಃ ಅಚ್ಚು ಕೊಡಲು ಹೊರಟಾಗ ಸುಮ ತಾನೂ ಬರುತ್ತೇನೆಂದಳು. (ಬಾಯಿ ತಪಾಸಣೆಗೆ ಇರಬೇಕು ಎಂದುಕೊಂಡೆ.) ಪುತ್ತೂರಿನ ಸೆಂಟರಿನಲ್ಲಿ ಹುಡುಗಿ ಪೇಸ್ಟ್ ಕಲಸಲು ಹೊರಟಿದ್ದಳು. ಸುಮ ಕೈ ಅಡ್ಡ ಹಿಡಿದಳು. "ಬೇಡ. ಅದು ಇದ್ದ ಹಾಗೇ ಇರ್ಲಿ."

"ಆದ್ರೆ ಮೇಡಂ, ಎಡಗಿವಿ ಲೀಕ್ ಆಗ್ತದಲ್ಲ?"

"ಆಗ್ಲಿ. ಲೀಕ್ ಆದ್ರೆ ನಂಗೆ ಕೇಳ್ತದೆ. ಕೇಳಿದ್ರೆ ಇವ್ರ ಬಾಯಿ ಖಾಲಿ ಅಂತ ಲೆಕ್ಕ."

ಹೀಗಾಗಿ, ಅಳತೆಗೆ ಸರಿಯಾಗದ ಕಸ್ಟಮ್ ಇಯರ್‌ಫೋನನ್ನು ಸರಿಮಾಡಿಸದೆ ಬಳಸುತ್ತಿರುವ ಏಕೈಕ ಗಿರಾಕಿ ನಾನಿರಬೇಕು. ಬಾಬಣ್ಣ ಗೆದ್ದೆನೆಂದು ಕಡಬದಲ್ಲಿ ಹೇಳಿಕೊಂಡು ತಿರುಗುತ್ತಿದ್ದಾನೆ. ತಿರುಗಲಿ. ಈಗ ದಿನಾ ಬಸ್ ಇಳಿದು ಮನೆಗೆ ಬಂದವನು ಮೊದಲು ಜಗಲಿಯಲ್ಲಿ ಕೂತು ಇಯರ್‌ಫೋನ್ ಹಾಕಬೇಕು. ಸುಮ ನನ್ನ ಎಡಕ್ಕೆ ಕೂತು ಕಿವಿಗೊಡುತ್ತಾಳೆ. ಎರಡು ತಿಂಗಳಿಂದ ಒಂದು ದಿನವೂ ತಪ್ಪದೆ ಹಾಡು ಸೋರಿದೆ. (ಜಾಲ್ಸೂರಿನಲ್ಲಿ ಬಾಯಿ ಮುಕ್ಕಳಿಸಿ ಬಂದರೂ ಸೋರುತ್ತದೆ ಎಂದು ಇಬ್ಬರಿಗೂ ಗೊತ್ತು; ಆದರೂ ಈಗ ಪುತ್ತೂರಿನಲ್ಲೂ ಬಿಟ್ಟಿದ್ದೇನೆ.) "ಕೇಳ್ತದೆ" ಎಂದು ಅವಳು ನಗುವಾಗ ನನಗೆ ಮೃದಂಗ ಇಲ್ಲದ್ದು ದೊಡ್ಡ ನಷ್ಟ ಅನ್ನಿಸುವುದಿಲ್ಲ.

ಬಿಸಿನೀರಿನ ಲೋಟವನ್ನು ಊದುತ್ತಾ ಅವಳು ಹಾಡು ಕೇಳುತ್ತಾಳೆ, ನಾನು ಅವಳನ್ನು ನೋಡುತ್ತಾ ಒಂದೇ ಯೋಚನೆ ಮಾಡುತ್ತೇನೆ: ಇವಳು ಚಾ ಬಿಟ್ಟದ್ದು ನಿಜವೋ ಸುಳ್ಳೋ ಎಂದು ನೋಡಲು ನನಗೆ ಒಂದು ದಿನವೂ ಯಾವ ಯಂತ್ರವೂ ಬೇಕಾಗಲಿಲ್ಲವಲ್ಲ?