ಬೀಳು ಹೊಲದ ಐದು ಕಲ್ಲು

ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಎಳ್ಳಮಾವಾಸ್ಯೆ, ನಮ್ಮ ಮಾತಿನಲ್ಲಿ ಎಳ್ಳಮಾಸಿ ಹಬ್ಬ, ಕಳೆದು ವಾರವಾಗಿತ್ತು. ಅಫಜಲಪುರದ ಸಭಾಭವನದಲ್ಲಿ ಹಾಜರಿದ್ದವರು: ನಗರ ಯೋಜನೆಯ ಅಧಿಕಾರಿ, ಹೊಲದವರು, ಪ್ಲಾಟಿನವರು, ಅಂಗಡಿಯವರು. ಹಿಂದಿನ ಸಾಲಿನಲ್ಲಿ ನನ್ನ ತಂಗಿ. ಅವಳ ಮುಂದೆ ನಾನು, ನನ್ನ ಪಕ್ಕ ಹಳೆಯ ಗೆಳೆಯ. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು, ಓಣಿಯೆಲ್ಲ ಅವರನ್ನು ಸಾಹೇಬರು ಎನ್ನುತ್ತದೆ. ಸಭೆ ಹತ್ತೂವರೆಗೆ ಎಂದಿದ್ದರು. ನಾನು ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದವನು. ಹೇಳಿದ ಹೊತ್ತಿಗೆ ಶುರುವಾಗದ ಕೆಲಸದೊಳಗೆ ಏನೋ ನಡೆದಿರುತ್ತದೆ ಎಂದೇ ನನ್ನ ಲೆಕ್ಕ.

ಗೋಡೆಯ ಮೇಲೆ ಊರಿನ ಮಾಸ್ಟರ್ ಪ್ಲಾನ್ ನಕಾಶೆ. ಮುಂದೆ ಮನೆಗಳಾಗುವ ಜಾಗಕ್ಕೆ ಹಳದಿ, ಹೊಲವಾಗಿಯೇ ಉಳಿಯುವುದಕ್ಕೆ ಹಸಿರು, ಊರ ಸುತ್ತ ಬರುವ ರಿಂಗ್ ರೋಡಿಗೆ ಕಪ್ಪು ಗೆರೆ. ನನಗೆ ಬೇಕಾಗಿದ್ದದ್ದು ಆ ಕಪ್ಪು ಗೆರೆಯೊಂದೇ. ಅದು ತಂಗಿಯ ಹೊಲಕ್ಕೆ ಹತ್ತಿದ ಬೀಳು ಹೊಲದಲ್ಲಿ ಹಾಯ್ದಿತ್ತು. ಸ್ವಲ್ಪ ಈಚೆ ಸರಿದರೂ ಅವಳ ಬಾವಿ ರಸ್ತೆಯ ಕೆಳಗೆ ಹೋಗುತ್ತದೆ. ಗಂಡ ತೀರಿದ ಮೇಲೆ ಆ ಬಾವಿಯ ನೀರಿನಲ್ಲೇ ಮೆಂತ್ಯ, ಪುಂಡಿ ಸೊಪ್ಪು, ಬದನೆ ಬೆಳೆದು ಸಂತೆಗೆ ಒಯ್ದು ಬಾಳಿದವಳು ಅವಳು.

ಚರ್ಚೆ ಬಣ್ಣದಿಂದಲೇ ಶುರುವಾಯಿತು.

“ನನ್ನ ಹೊಲಕ್ಕ ಹಸಿರು ಯಾಕ ಬಳದೀರಿ? ನಾಳಿ ಮಾರಬೇಕಂದ್ರ ಯಾರು ತಗೋತಾರ?” ಎಂದು ಒಬ್ಬ ಎದ್ದ.

“ನನಗ ಹಳದಿ ಬಳದಾರಲ್ಲಪಾ, ನಾ ಇನ್ನೂ ತೊಗರಿ ಬಿತ್ತೋನದೇನಿ. ನಿಂದು ನನಗ ಕೊಡು, ನಂದು ನೀ ತಗೋ,” ಎಂದ ಇನ್ನೊಬ್ಬ. ಸಭೆ ನಕ್ಕಿತು. ನಾನು ನಗಲಿಲ್ಲ. ಬೀಳು ಹೊಲದ ಯಜಮಾನನನ್ನೇ ನೋಡುತ್ತಿದ್ದೆ. ಅವನು ಪ್ಲಾಟು ಹಾಕಿ ಮಾರುವವನು. ಅಧಿಕಾರಿಯ ಹತ್ತಿರದ ಕುರ್ಚಿಯಲ್ಲೇ ಕೂತಿದ್ದ. ಆ ಕುರ್ಚಿಯನ್ನು ಅವನಿಗೆ ಯಾರು ತೋರಿಸಿದರು?

ನನ್ನ ಅನುಮಾನಕ್ಕೆ ಕಾರಣವಿತ್ತು. ಹಬ್ಬಕ್ಕೆ ಮುಂಚೆ ಅಳತೆಯವರು ಬಂದು ಬೀಳು ಹೊಲದಲ್ಲಿ ರಸ್ತೆಯ ಗುರುತಿಗೆ ಐದು ಕಲ್ಲು ನೆಟ್ಟು ಸುಣ್ಣ ಬಳಿದಿದ್ದರು. ಹಬ್ಬಕ್ಕೆ ನಾನು ಆಳಂದದ ಬೀಗರ ಹೊಲಕ್ಕೆ ಹೋಗಿದ್ದೆ. ತಿರುಗಿ ಬಂದು ಮುಂಜಾನೆಯ ವಾಕಿಂಗಿನಲ್ಲಿ ನೋಡಿದರೆ ಐದೂ ಕಲ್ಲು ಇಲ್ಲ. ಬರೀ ಕುಳಿಗಳು.

ಎದ್ದು ನಿಂತು ಹೇಳಿದೆ. “ಗುರುತಿನ ಕಲ್ಲು ಯಾರೋ ಕಿತ್ತಾರ. ಯಾರ ಹೊಲದಾಗಿದ್ವು ಅನ್ನೋದು ಎಲ್ಲಾರಿಗೂ ಗೊತ್ತದ.”

ಪ್ಲಾಟಿನವನು ತಿರುಗಿ ಕೂತ. “ಯಾಕ್ರಿ ಮಾಸ್ತರ, ನಾ ಯಾಕ ಕೀಳ್ಲಿ? ರಸ್ತಾ ಬಂದ್ರ ನನ್ನ ಪ್ಲಾಟಿಗೇ ಛಲೋ ಅಲ್ಲೇನ್ರಿ?”

ಮಾತು ಸರಿಯಾಗಿತ್ತು. ಇಷ್ಟು ಸರಿಯಾದ ಉತ್ತರ ಇಷ್ಟು ಬೇಗ ಹೇಗೆ ಬಂತು ಎಂದು ಅನುಮಾನ ಇನ್ನೂ ಹೆಚ್ಚಾಯಿತು.

ಅಧಿಕಾರಿ ಇಬ್ಬರನ್ನೂ ಕೂರಿಸಿದರು. “ನಾಳೆ ಮುಂಜಾನೆ ಅಳತೆಯವರು ಬರ್ತಾರೆ. ಕಲ್ಲು ಇದ್ದರೆ ಕಲ್ಲಿನ ಗುಂಟ. ಇಲ್ಲದಿದ್ದರೆ ಹಳೆಯ ಬಂಡಿದಾರಿ ಹಿಡಿದು ಗೆರೆ ಹಾಕಿಕೊಂಡು ಹೋಗ್ತಾರೆ.”

ಬಂಡಿದಾರಿ ಇರುವುದು ತಂಗಿಯ ಬಾವಿಯ ಮಗ್ಗುಲಲ್ಲೇ. ನಾನು ಹಿಂತಿರುಗಿ ನೋಡಿದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ನನ್ನ ಕಣ್ಣು ತಪ್ಪಿಸಿ ನೆಲ ನೋಡುತ್ತಿದ್ದಳು.

ಸಭೆ ಮುಗಿದು ಹೊರಗೆ ಬಂದಾಗ ಕೇಳಿದಳು. “ಅಣ್ಣಾ, ಆ ಕಲ್ಲು ಹೆಂಗಿದ್ವು?”

“ಮೊಳದುದ್ದ. ಸುಣ್ಣ ಬಳದಿದ್ರು.”

“ಐದಾ?”

“ಐದು. ಯಾಕಬೇ?”

“ನಡಿ, ತೋರಸ್ತೇನಿ.”

ಸಾಹೇಬರೂ ನಮ್ಮ ಹಿಂದೆ ಬಂದರು. ಬಾವಿಯ ಹತ್ತಿರದ ಬನ್ನಿ ಮರದ ಕೆಳಗೆ ಐದೂ ಸಾಲಾಗಿ ಕೂತಿದ್ದವು. ವಿಭೂತಿ, ಕುಂಕುಮ, ಒಣಗಿದ ಚೆಂಡು ಹೂ. ನಮ್ಮ ಕಡೆ ಎಳ್ಳಮಾಸಿಗೆ ಹೊಲದಲ್ಲಿ ಐದು ಕಲ್ಲಿಗೆ ಸುಣ್ಣ ಬಳಿದು, ಪಾಂಡವರೆಂದು ಪೂಜೆ ಮಾಡಿ, ಸಜ್ಜಿ ರೊಟ್ಟಿ, ಕಾಳು-ಸೊಪ್ಪಿನ ಭಜ್ಜಿ ಎಡೆ ಹಿಡಿದು, ಅದನ್ನೇ ಬೆಳೆಗೆ ಚರಗವೆಂದು ಚೆಲ್ಲಿ ಉಣ್ಣುವುದು ರೂಢಿ.

“ಆ ಬೀಳಿನ್ಯಾಗ ಐದು ಕಲ್ಲು ಸುಣ್ಣ ಹಚ್ಕೊಂಡು ನಿಂತಿದ್ವು ಅಣ್ಣಾ. ಯಾರೋ ಪಾಂಡವರನ್ನ ಕುಂದರ್ಸಿ, ಪೂಜಿ ಮಾಡಲಾರ್ದೆ ಹೋಗ್ಯಾರಂತ ತಿಳದೆ. ಹಬ್ಬದ ದಿನ ದೇವರನ್ನ ಉಪಾಸ ಬಿಡಾಕ ಆಗ್ತದೇನು? ಸಡ್ಲ ಇದ್ವು. ಎತ್ತಿಕೊಂಡು ಬಂದೆ.”

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಅರೆ ಮಾಸ್ತರ, ಕಳವಿನ ಸಾಮಾನು ಮನ್ಯಾಗಿಟ್ಟು ಸಭಾದಾಗ ಪಂಚನಾಮಿ ಮಾಡಿ ಬಂದ್ರಲ್ರಿ!”

“ನಗಬ್ಯಾಡ್ರಿ. ಹಾರೆ ತಗೋರಿ,” ಎಂದೆ.

ತಂಗಿ ಒಮ್ಮೆಲೇ ಕಲ್ಲೆತ್ತಲು ಬಿಡಲಿಲ್ಲ. ಕಾಯಿ ಒಡೆದು, ಕೈ ಮುಗಿದು, ಆಮೇಲೆ ದಾರಿ ಬಿಟ್ಟಳು. ಕುಂಕುಮ ತೊಳೆಯುತ್ತೇನೆಂದರೆ ಅದಕ್ಕೂ ಒಪ್ಪಲಿಲ್ಲ. “ಇರ್ಲಿ ಬಿಡು. ನಾಳಿ ಅಳತಿಯವ್ರೂ ಕೈ ಮುಗೀಲಿ.”

ಕಲ್ಲು ಹೊತ್ತು ಮೂವರೂ ಬೀಳಿಗೆ ಹೋದರೆ ಪ್ಲಾಟಿನವನು ಆಗಲೇ ಕೈಕಟ್ಟಿ ನಿಂತಿದ್ದ. ಯಾರು ಹೇಳಿದರೋ ಗೊತ್ತಿಲ್ಲ. ಕಲ್ಲು, ಕುಂಕುಮ ನೋಡಿ ಅವನಿಗೆ ಎಲ್ಲ ತಿಳಿಯಿತು. ಬೆಳಿಗ್ಗೆ ಸಭೆಯಲ್ಲಿ ಅಂದ ಮಾತಿಗೆ ನಾನು ಏನಾದರೂ ಹೇಳಬೇಕಿತ್ತು.

“ತಪ್ಪು ತಿಳದಿದ್ದೆ,” ಎಂದೆ.

“ಅದಿರ್ಲಿ ಮಾಸ್ತರ. ಕುಳಿ ಇದ್ದಲ್ಲೇ ನೆಡ್ರಿ. ಒಂದು ಗೇಣೂ ನನ್ನ ಕಡಿ ಸರಸಬ್ಯಾಡ್ರಿ.”

“ನಿನಗ ರಸ್ತಾ ಬೇಕಂದ್ಯಲ್ಲ?”

“ಬೇಕ್ರಿ. ಬಾಗಲ ಮುಂದ ಬೇಕು, ಹೊಟ್ಟ್ಯಾಗ ಬ್ಯಾಡ.”

ಹಾಗಾದರೆ ಅವನ ಹೊಲದ ನಡುವೆ ಹಾಯದೆ ಅಂಚಿಗೆ ಹೋಗುವ ಬಂಡಿದಾರಿಯೇ ಅವನಿಗೆ ಹೆಚ್ಚು ಅನುಕೂಲ. ಕಲ್ಲು ಕಾಣೆಯಾದದ್ದು ಇವನ ಕಣ್ಣಿಗೂ ಬಿದ್ದಿರಬೇಕು. ಆದರೂ ಯಾರಿಗೂ ಹೇಳದೆ ಸುಮ್ಮನಿದ್ದ. ನನ್ನ ಅನುಮಾನ ಕಲ್ಲಿನಿಂದ ಇಳಿದು ಆ ಮೌನದ ಮೇಲೆ ಹತ್ತಿ ಕೂತಿತು.

ನಾವಿಬ್ಬರೂ ಒಬ್ಬರನ್ನೊಬ್ಬರು ಕಾಯುತ್ತ ಕೆಲಸ ಮಾಡಿದೆವು. ನಾನು ಕಲ್ಲು ಇಳಿಸಿದರೆ ಅವನು ಬಗ್ಗಿ ನೋಡುವನು. ಅವನು ಮಣ್ಣೆಳೆದರೆ ನಾನು ನೋಡುವೆನು. ಮೈದಾನದಲ್ಲಿ ಹುಡುಗರನ್ನು ನಿಲ್ಲಿಸಿದಂತೆ ದೂರ ನಿಂತು ಒಂದು ಕಣ್ಣು ಮುಚ್ಚಿ ಸಾಲು ನೋಡಿದೆ. ನೆಟ್ಟಗಿತ್ತು. ಬಾವಿ ಸಾಲಿನಿಂದ ಸಾಕಷ್ಟು ಈಚೆಗೇ ಉಳಿದಿತ್ತು. ಅವನೂ ಬಂದು ನನ್ನ ಜಾಗದಲ್ಲೇ ನಿಂತು, ಅದೇ ರೀತಿ ಕಣ್ಣು ಮುಚ್ಚಿ ನೋಡಿದ.

“ಇಬ್ರೂ ಇಲ್ಲೇ ಹಾಸಿಗಿ ಹಾಕ್ರಿ,” ಎಂದರು ಸಾಹೇಬರು. “ಯಾರು ಮೊದ್ಲು ಮನಿಗೆ ಹೋಗ್ತೀರೋ ನಾನೂ ನೋಡ್ತೇನಿ.”

ಹೊತ್ತು ಮುಳುಗುತ್ತಿತ್ತು. ಕೊನೆಯ ಕಲ್ಲಿನ ಸುತ್ತ ನಾನು ಒಂದು ಕಡೆಯಿಂದ, ಅವನು ಇನ್ನೊಂದು ಕಡೆಯಿಂದ ಮಣ್ಣು ತುಳಿದೆವು. ಅಲ್ಲಾಡಿಸಿ ನೋಡಿದೆ, ಅಲುಗಲಿಲ್ಲ. ಈ ಸಲ ಕೈ ಹಚ್ಚಿದರೆ ಕಿತ್ತು ಬರುವಂತಿರಲಿಲ್ಲ. ಹಾರೆಯ ಮಣ್ಣು ಒರೆಸಿ ತಂಗಿಯ ಕೈಗೆ ಕೊಟ್ಟೆ.