ಮುಖ್ಯ ಅತಿಥಿಯ ಟವೆಲ್

ನಮ್ಮ ಮನೆಯ ಕಪಾಟಿನ ಮೇಲಿನ ಅರೆಯಲ್ಲಿ ಮೊನ್ನೆಮೊನ್ನೆಯವರೆಗೂ ಒಂದು ಬಿಳಿಯ ಟರ್ಕಿ ಟವೆಲ್ ಇತ್ತು. ಹೆಸರಿಗಷ್ಟೇ ಟವೆಲ್, ಅದರಲ್ಲಿ ಮುಖ ಒರೆಸಿದವರಿಲ್ಲ. ಮುಂಬಯಿ ಪಕ್ಕದ ಡೊಂಬಿವಿಲಿಯ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದಂದು ವೇದಿಕೆಯ ನಡುವಿನ ಕುರ್ಚಿಯ ಬೆನ್ನಿಗೆ ಹೊದ್ದು ಕೂರುವುದು ಅದರ ಉದ್ಯೋಗ. ವರ್ಷಕ್ಕೊಂದು ದಿನ ಕೆಲಸ, ಉಳಿದಂತೆ ನುಸಿಗುಳಿಗೆಗಳ ಸಹವಾಸ. ಇಂಥ ನೌಕರಿ ನನಗಂತೂ ಸಿಗಲಿಲ್ಲ, ನಿಮಗೂ ಸಿಕ್ಕಿರಲಾರದು. ಒಗೆಯುವ ಹೊಣೆ ಹೆಂಡತಿಯದು, ಅಂಚಿಗೆ ಅಂಚು ಕೂಡಿಸಿ ಮಡಚುವುದು ನನ್ನದು; ಮಡಿಕೆಯ ವಿಷಯದಲ್ಲಿ ನಾನು ಯಾರನ್ನೂ ನಂಬುವವನಲ್ಲ.

ಆ ಕುರ್ಚಿಯಲ್ಲಿ ಬಹುಕಾಲ ಕೂತವನು ದಿನಕರ. ಮರಾಠಿಯವನು, ಸ್ಟೇಷನ್ ಬಳಿಯ ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯಲ್ಲಿ ಕೂರುತ್ತಿದ್ದಾಗ ಕನ್ನಡ ಕಲಿತ. ಪಕ್ಷದ ಕಾರ್ಯಕರ್ತನಾಗಿದ್ದಾಗ ಎಲ್ಲರಿಗಿಂತ ಮೊದಲು ಬಂದು ಸಭಾಂಗಣಕ್ಕೆ ಕುರ್ಚಿ ಹಾಕುತ್ತಿದ್ದ. ಗಡಿಯಾರವನ್ನೇ ಕುಲದೇವರು ಮಾಡಿಕೊಂಡ ನನಗೆ ಅವನು ಅಚ್ಚುಮೆಚ್ಚಾದದ್ದು ಸಹಜ. ಗೆದ್ದು ನಗರಸೇವಕ, ಅಂದರೆ ಕಾರ್ಪೊರೇಟರ್, ಆದೊಡನೆ ಟವೆಲಿನ ಕುರ್ಚಿ ಅವನದಾಯಿತು, ಬರುವುದು ತುಸು ತಡವಾಯಿತು. ಶಾಸಕನಾದಾಗ ನಾವು ಪ್ರಾರ್ಥನೆಯನ್ನು ಎರಡೆರಡು ಸಲ ಹಾಡಿಸಿ ಕಾದೆವು. ಪಕ್ಷ ಬದಲಿಸಿ ಮಂತ್ರಿಯಾದ ವರ್ಷ ಬಂದದ್ದು ವೀಡಿಯೊ ಸಂದೇಶ. ತರಿಸಿದ್ದ ಹಾರ ಬಾಡಬಾರದೆಂದು ಅದನ್ನು ಖಾಲಿ ಕುರ್ಚಿಗೇ ಹಾಕಿದೆವು. ಮನುಷ್ಯನ ಏಳ್ಗೆಯನ್ನು ಅವನ ತಡದಿಂದ ಅಳೆಯಬೇಕೆಂದು ನನ್ನ ಶಾಲೆಯಲ್ಲಿ ಯಾರೂ ಕಲಿಸಿರಲಿಲ್ಲ.

ಹೆಂಡತಿಯ ಅಳತೆ ಬೇರೆ. ಅವಳು ಅವನ ಪ್ರಗತಿಯನ್ನು ಟವೆಲಿಗೆ ಹತ್ತಿದ ಕಲೆಯಲ್ಲಿ ಕಂಡವಳು. "ತೆಂಗಿನೆಣ್ಣೆಯಾದ್ರೆ ಸೋಪಿಗೆ ಹೋಗ್ತಿತ್ತು. ಈ ಶಾಸಕರ ತಲೆಯ ಕಪ್ಪು ಹೋಗುದೇ ಇಲ್ಲ ಮಾರಾಯ್ರೆ" ಎಂದು ಕಲ್ಲಿನ ಮೇಲೆ ತಿಕ್ಕುತ್ತಿದ್ದಳು.

ಕಳೆದ ಚುನಾವಣೆಯಲ್ಲಿ ದಿನಕರನಿಗೆ ಟಿಕೆಟ್ ತಪ್ಪಿತು. ಅವನ ಶಿಷ್ಯನೇ ಗೆದ್ದ. ಸಂಘದವರು ಶಿಷ್ಯನನ್ನು ಮುಖ್ಯ ಅತಿಥಿಯಾಗಿ ಕರೆದರು, ಗುರುವಿಗೊಂದು ಸಾದಾ ಆಮಂತ್ರಣ ಕಳಿಸಿದರು. ಆಮೇಲೆ ಭಯ ಹತ್ತಿತು: ಅಭ್ಯಾಸಬಲದಿಂದ ಅವನು ಹೋಗಿ ಅದೇ ಕುರ್ಚಿಯಲ್ಲಿ ಕೂತರೆ? ನೂರಾರು ಜನರೆದುರು ಎಬ್ಬಿಸುವವರು ಯಾರು? ಇಂಥ ಕೆಲಸಗಳಿಗೆಂದೇ ಸಂಘಗಳಲ್ಲಿ ಹಿರಿಯರನ್ನು ಇಟ್ಟುಕೊಂಡಿರುತ್ತಾರೆ. ಅವನ ಮಾನ ಉಳಿಯುವಂಥ ಒಂದು ವಾಕ್ಯವನ್ನು ಹೊಂದಿಸಿಕೊಂಡು ನಾನು ಬೇಗನೆ ಸಭಾಂಗಣಕ್ಕೆ ಹೋದೆ.

ನನಗಿಂತ ಮೊದಲೇ ಅವನಿದ್ದ. ರಿಕ್ಷಾದಲ್ಲಿ ಬಂದಿದ್ದ, ಒಬ್ಬನೇ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನೇರ ವೇದಿಕೆ ಹತ್ತಿದ; ವಾಕ್ಯವನ್ನು ಗಂಟಲಲ್ಲಿಟ್ಟುಕೊಂಡು ನಾನೂ ಹಿಂದೆ ಹತ್ತಿದೆ. ಮುನ್ನಾದಿನವೇ ನಾನು ಹೊದಿಸಿಟ್ಟಿದ್ದ ಟವೆಲಿನ ಅಂಚನ್ನು ಅವನು ಮುಟ್ಟಿ ನೋಡಿದ.

"ಇದು ಅವನಿಗಾ, ಕಾಕಾ?"

ಹೌದೆಂದೆ.

"ಬೇಗ ಬರುದಿಲ್ಲ ಅವನು. ನಾನೇ ಕಲಿಸಿದ್ದು." ಕೆಳಗೆ ನೋಡಿದ. "ಕುರ್ಚಿ ಹಾಕ್ಲಿಲ್ವಾ ಇನ್ನೂ?"

ಅಂಗಿಯ ತೋಳು ಮಡಚಿ ಇಳಿದೇಬಿಟ್ಟ. ತಗಡಿನ ಮಾಡಿನ ಕೆಳಗಿನ ಸೆಕೆಯಲ್ಲಿ ಸಾಲುಸಾಲಾಗಿ ಕುರ್ಚಿ ಬಿಡಿಸುತ್ತ ಹೋದ. ಹಳೆಯ ಕೈ, ಒಂದು ಸಾಲೂ ಸೊಟ್ಟಗಾಗಲಿಲ್ಲ. ನನ್ನ ವಾಕ್ಯ ಗಂಟಲಲ್ಲೇ ಉಳಿಯಿತು. ಬೆವರಿ ನಿಂತವನ ಮುಂದೆ, ಅಷ್ಟರಲ್ಲಿ ಬಂದಿದ್ದ ನನ್ನ ಹೆಂಡತಿ ವೇದಿಕೆಯ ಟವೆಲನ್ನೇ ತಂದು ಚಾಚಿದಳು.

"ಇದು ಸ್ಟೇಜಿಂದು, ಕಾಕೂ" ಎಂದು ಅವನು ಹಿಂಜರಿದ.

"ಟವೆಲ್ ಅಲ್ವಾ" ಎಂದಳು.

ಅವನು ಮುಖ ಮುಚ್ಚಿ ಒರೆಸಿಕೊಂಡ, ಬೆವರಿಗೆ ಬೇಕಾದುದಕ್ಕಿಂತ ತುಸು ಹೆಚ್ಚೇ ಹೊತ್ತು. ಶಿಷ್ಯ ಘೋಡಬಂದರ್ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಾನೆಂಬ ಸುದ್ದಿ ಬಂತು. ನಾನು ಕಾಯಲಿಲ್ಲ, ಪ್ರಾರ್ಥನೆ ಹೊತ್ತಿಗೆ ಸರಿಯಾಗಿ, ಒಂದೇ ಸಲ ನಡೆಯಿತು. ದಿನಕರ ಹಿಂದಿನ ಸಾಲಿನಲ್ಲಿ ಕೂತು ಕೇಳಿದ.

ಈಗ ಆ ಟವೆಲ್ ನಮ್ಮ ಬಚ್ಚಲಿನ ಮೊಳೆಯಲ್ಲಿದೆ. ಬೆಳಗಿನ ವಾಕಿಂಗ್ ಮುಗಿಸಿ ಅದರಲ್ಲೇ ಮುಖ ಒರೆಸುತ್ತೇನೆ. ನೀರನ್ನು ಬಹಳ ಚೆನ್ನಾಗಿ ಹೀರುತ್ತದೆ. ಇಷ್ಟು ವರ್ಷ ಕುರ್ಚಿಗೇ ಅಂಟಿಕೊಂಡಿದ್ದರಿಂದ ಅದರ ಈ ಗುಣ ಯಾರಿಗೂ ಗೊತ್ತಾಗಿರಲಿಲ್ಲ.

ಮೊನ್ನೆ ನಾಲ್ಕು ರಸ್ತೆ ಕೂಡುವ ನಾಕಾದಲ್ಲಿ ಹೊಸ ಬ್ಯಾನರ್ ಎದ್ದಿತು. ದಿನಕರ ಹಳೆಯ ಪಕ್ಷಕ್ಕೆ ಮರಳಿದ್ದಾನೆ, ಕೂದಲು ಮತ್ತೆ ಕಪ್ಪಾಗಿದೆ. ಹಾಗಾದರೆ ಸಂಘಕ್ಕೊಂದು ಹೊಸ ಟವೆಲ್ ತರಬೇಕಲ್ಲ ಎಂದೆ. ಬಚ್ಚಲಿನದನ್ನು ಕೊಡಲು ನನಗೆ ಮನಸ್ಸಿರಲಿಲ್ಲ.

"ತನ್ನಿ" ಎಂದಳು ಹೆಂಡತಿ. "ಈ ಸಲ ಕಪ್ಪು ಬಣ್ಣದ್ದೇ ತನ್ನಿ."