ಭಾವನ ಕಿವಿ, ಅಕ್ಕನ ಎಂಜಿನ್ನು

ನನ್ನ ಭಾವ ಮೂರು ವಾರ ಒಂದು ಎಂಜಿನ್ನಿಗೆ ಬಣ್ಣ ಬಳಿದರು. ಅದರ ಹೊಟ್ಟೆಯಲ್ಲಿ ಏನಿದೆ ಎಂದು ಒಂದು ದಿನವೂ ಬಿಚ್ಚಿ ನೋಡಲಿಲ್ಲ.

ಎಂಜಿನ್ನು ಅಕ್ಕನದು. ಮೋಟಾರ್ ಸೈಕಲ್ಲಿನ ದಾಖಲೆ ಇಂದಿಗೂ ಅವಳ ಹೆಸರಿನಲ್ಲೇ ಇದೆ. ದಂಡಿನಶಿವರದ ಆಚೆಯ ಒಂದು ಹಳ್ಳಿ ಶಾಲೆಗೆ ಅವಳು ಟೀಚರ್ ಆಗಿ ಹೋದಾಗ ಆ ದಾರಿಗೆ ದಿನಕ್ಕೆ ಎರಡೇ ಬಸ್ಸು. ಅವಳು ಹಳೆಯ ಗಾಡಿಯೊಂದನ್ನು ಕೊಂಡು, ಸೀರೆಯೊಳಗೆ ಪೈಜಾಮ ತೊಟ್ಟು, ಹನ್ನೊಂದು ವರ್ಷ ಓಡಿಸಿದಳು. ಎರಡು ಸೈಲೆನ್ಸರು, ಕಿಕ್ ಹೊಡೆದ ಲಿವರನ್ನೇ ಮುಂದಕ್ಕೆ ಮಡಚಿ ಗೇರು ಹಾಕುವ ಗಾಡಿ. ಆಮೇಲೆ ವರ್ಗವಾಯಿತು, ಗಾಡಿ ಕೊಟ್ಟಿಗೆ ಸೇರಿತು.

ನಿವೃತ್ತಿಯಾದ ತಿಂಗಳೇ ಅವಳು ಗಂಡನ ಮುಂದೆ ಒಂದೇ ಒಂದು ಬೇಡಿಕೆ ಇಟ್ಟಳು. ಆಗ ನಾನೂ ಅಲ್ಲಿದ್ದೆ.

"ರೀ, ನನ್ ಗಾಡಿ ರೆಡಿ ಮಾಡ್ಸಿ. ಇನ್ನೆರಡು ವರ್ಷ ಬುಟ್ರೆ ನನ್ ಮಂಡಿ ಕಿಕ್ ಹೊಡಿಯಾಕ್ ಬುಡಕಿಲ್ಲ."

"ಮಾಡ್ಸದೇನ್ ಬಂತು? ನಾನೇ ಮಾಡ್ತೀನಿ," ಅಂದರು ಭಾವ.

ಭಾವ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರಿ. ಸ್ಪ್ಯಾನರು ಹಿಡಿದವರಲ್ಲ. ಆದರೆ ಅವರ ಕಿವಿಗೆ ಮಾರುಕಟ್ಟೆಯಲ್ಲಿ ಹೆಸರಿದೆ. ವರ್ಷದಷ್ಟು ಕಾಲ ಅಟ್ಟದಲ್ಲಿ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ನೀರು ಪೂರ್ತಿ ಬತ್ತಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗಿದ್ದರೆ ಒಳಗೆ ಗಲಗಲ ಅನ್ನುತ್ತದೆ. ಅದಕ್ಕೆ ಗಿಟಕು ಅನ್ನುತ್ತಾರೆ. ಸದ್ದಿಲ್ಲದ ಕಾಯಿ ಇನ್ನೂ ಹಸಿ. ಒಡೆಯದೆ ಹೇಳಿದ ಅವರ ಮಾತು ಹುಸಿಯಾದದ್ದು ಕಡಿಮೆ. ಒಂದು ವಿಷಯದಲ್ಲಿ ನಿಜವಾಗಿಯೂ ಬಲ್ಲವರು ಮಿಕ್ಕ ಎಲ್ಲದರಲ್ಲೂ ಬಲ್ಲೆವೆಂದು ತಿಳಿಯುವುದನ್ನು ನಾನು ವರದಿಗಾರಿಕೆಯಲ್ಲಿ ಬೇಕಾದಷ್ಟು ಕಂಡಿದ್ದೇನೆ. ಮಂತ್ರಿಗಳಲ್ಲಿ ಅದು ಸಹಜ. ಮನೆಯವರಲ್ಲಿ ಸಹಿಸುವುದು ಕಷ್ಟ.

ಪತ್ರಿಕೆಯಲ್ಲಿ ನನ್ನ ಪಾಳಿ ಮಧ್ಯಾಹ್ನದ ಮೇಲೆ. ಬೆಳಿಗ್ಗೆ ಅವರ ಮನೆಯ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಕೂರುತ್ತಿದ್ದೆ. ಹಾಗಾಗಿ ಎಲ್ಲವನ್ನೂ ನೋಡಿದೆ. ಎಂಜಿನ್ನನ್ನು ಇಳಿಸಿ ಗೋಣಿಚೀಲದ ಮೇಲೆ ಇಟ್ಟರು. ಬಣ್ಣ ಸಲೀಸಾಗಿ ಹಿಡಿಯಲೆಂದು ಮೇಲಿನ ಹೆಡ್ಡು, ಸಿಲಿಂಡರು ಬಿಚ್ಚಿದರು. ಕೆಳಗಿನ ಭಾಗದಿಂದ ಪಿಸ್ಟನ್ನಿನ ಕಡ್ಡಿ ಮೊಣಕೈಯಂತೆ ಮೇಲೆ ಚಾಚಿಕೊಂಡಿತ್ತು. ಭಾವ ಅದನ್ನು ಹಿಡಿದು ಮೇಲೆ ಕೆಳಗೆ ಆಡಿಸಿದರು. ಟಕ್ ಟಕ್ ಅಂದಿತು. ಎಂಜಿನ್ನಿನ ಬಗ್ಗೆ ಏನೂ ಗೊತ್ತಿಲ್ಲದವನಿಗೂ ಅದು ಅಪಾಯದ ಸದ್ದು.

"ಭಾವ, ಬೇರಿಂಗು ಹೋಗಿರೋ ಹಂಗಿದೆ," ಅಂದೆ.

ಅವರು ಕಿವಿ ಬಗ್ಗಿಸಿ ಮತ್ತೆ ಆಡಿಸಿದರು. ಮುಖ ಅರಳಿತು.

"ಲೇ, ಹದಿನೈದು ವರ್ಷ ಕೂತ ಎಂಜಿನ್ನು ಕಣ್ಲಾ. ಹಿಡ್ಕಂಡಿದ್ರೆ ಭಯ ಪಡಬೇಕಾಗಿತ್ತು. ಇದು ಬಿಟ್ಕಂಡೈತೆ. ಒಳ್ಳೆ ಗಿಟಕು ಆದಂಗಾಗೈತೆ."

"ಅದು ಕಾಯಲ್ಲ ಕಣ್ರೀ," ಅಂದಳು ಅಕ್ಕ, ಬಾಗಿಲಲ್ಲಿ ನಿಂತು. "ನಾನ್ ಓಡ್ಸೋವಾಗ ಈ ಸದ್ದು ಇರ್ಲಿಲ್ಲ."

"ಆಗ ಎಳೇದು ಕಣೇ. ಈಗ ಬಲ್ತೈತೆ."

ಬಲಿತ ಎಂಜಿನ್ನು! ಅಕ್ಕ ನನ್ನ ಕಡೆ ನೋಡಿದಳು. ನಾನು ಕಾಫಿ ಲೋಟ ನೋಡಿದೆ. ಗಂಡ ಹೆಂಡಿರ ನಡುವೆ ಯಾಕೆ ಬಾಯಿ ಹಾಕಬೇಕು ಎಂದುಕೊಂಡೆ. ಆ ಲೆಕ್ಕದಲ್ಲಿ ನನ್ನ ಬಗ್ಗೆಯೂ ನನಗೆ ಹೆಚ್ಚಿನ ಗೌರವ ಉಳಿದಿಲ್ಲ.

ಒಳಗಿನ ಮಾತು ಅಲ್ಲಿಗೆ ಮುಗಿಯಿತು. ಮಿಕ್ಕ ದಿನಗಳೆಲ್ಲ ಹೊರಮೈಯ ಪೂಜೆ. ಸೀಮೆಎಣ್ಣೆ ಸಿಕ್ಕದೆ ಡೀಸೆಲ್ಲಿನಲ್ಲಿ ತೊಳೆದರು. ಕಾಯಿನಾರಿನಲ್ಲಿ ತಿಕ್ಕಿದರು, ಉಪ್ಪುಕಾಗದದಲ್ಲಿ ಉಜ್ಜಿದರು. ಫೋನಿನಲ್ಲಿ ಯಾರೋ ಬಣ್ಣ ಹೊಡೆಯುವ ವಿಡಿಯೊ ನೋಡಿ, ಬಿಸಿ ತಡೆಯುವ ಬೆಳ್ಳಿ ಬಣ್ಣದ ಸ್ಪ್ರೇ ಡಬ್ಬಗಳನ್ನು ತರಿಸಿದರು. ಸಿಲಿಂಡರಿಗೆ ಕಪ್ಪು, ಕೆಳಭಾಗಕ್ಕೆ ಬೆಳ್ಳಿ. ಒಂದು ಸಲ ಹೊಡೆದರೆ ಸಾಕಾಗಲಿಲ್ಲ, ಮೂರು ಸಲ ಹೊಡೆದರು. ಸ್ಕ್ರೂಗಳ ತಲೆಯ ಸೀಳು ಮುಚ್ಚಿಹೋಗುವಷ್ಟು ದಪ್ಪ ಕೂತಿತು. ಅದನ್ನೂ ಅವರು ಅಂದವೆಂದೇ ತಿಳಿದರು. "ಎಲ್ಲೂ ಒಂದ್ ಗೀರಿಲ್ಲ ನೋಡು," ಅಂದರು.

ನೋಡಲು ಜನ ಬಂದರು. ಈ ಊರಿನಲ್ಲಿ ಹೊಳೆಯುವುದೊಂದಿದ್ದರೆ ಸಾಕು, ಅಭಿಪ್ರಾಯ ಹೇಳುವವರಿಗೆ ಬರವಿಲ್ಲ. ಪಕ್ಕದ ಮಂಡಿಯ ವ್ಯಾಪಾರಿಯೊಬ್ಬರು ಎಂಜಿನ್ನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಬೆಳ್ಳಿ ಚೊಂಬು ಇದ್ದಂಗೈತೆ ಕಣ್ರೀ, ಕಂಪ್ನಿಯೋರು ಇಂಗ್ ಮಾಡಕ್ಕಿಲ್ಲ," ಅಂದರು. ಓಡುತ್ತದೆಯೇ ಎಂದು ಅವರು ಕೇಳಲಿಲ್ಲ. ಬಂದವರಲ್ಲಿ ಯಾರೂ ಕೇಳಲಿಲ್ಲ. ಗಾಡಿ ಯಾರದ್ದು ಎಂದೂ ಕೇಳಲಿಲ್ಲ. ಅವರಿಗೆಲ್ಲ ಕಾಫಿ ಮಾಡಿಕೊಟ್ಟವಳೇ ಅದರ ಒಡತಿ.

ಎಂಜಿನ್ನನ್ನು ಜೋಡಿಸಿ ಮತ್ತೆ ಗಾಡಿಗೆ ಕೂರಿಸಿದ್ದಾಯಿತು. ಚಾಲೂ ಮಾಡುವ ಬೆಳಿಗ್ಗೆ ಅಕ್ಕ ಹಳೆಯ ಪದ್ಧತಿಯಂತೆ ಪೈಜಾಮ ತೊಟ್ಟು ಬಂದಳು. ಭಾವ ಅವಳನ್ನು ಪಕ್ಕಕ್ಕೆ ಸರಿಸಿ ತಾವೇ ಕಿಕ್ ಹೊಡೆದರು. ಏಳೆಂಟು ಸಲ ಹೊಡೆದು ಬೆವತು ನಿಂತರು. ಅಕ್ಕ ಬಂದು, ಲಿವರನ್ನು ಕಾಲಲ್ಲಿ ಒತ್ತಿ ಹದ ನೋಡಿ, ಒಂದೇ ಏಟಿಗೆ ಚಾಲೂ ಮಾಡಿದಳು. ಬಿಳಿ ಹೊಗೆ ಅಂಗಳ ತುಂಬಿತು. ಹೊಗೆಯ ಒಳಗಿನಿಂದ ಸದ್ದು ಬಂತು. ಡಬ್ಬದೊಳಗೆ ಕಲ್ಲು ಹಾಕಿ ಅಲ್ಲಾಡಿಸಿದಂತಹ ಸದ್ದು.

"ಕೇಳ್ಲಾ! ಕೇಳ್ಲಾ ಬಾಮೈದ!" ಭಾವ ಕಿವಿಯ ಹಿಂದೆ ಕೈ ಇಟ್ಟುಕೊಂಡು ನಗುತ್ತಿದ್ದರು.

ಅಕ್ಕ ಎಂಜಿನ್ನು ನಿಲ್ಲಿಸಿಬಿಟ್ಟಳು.

"ಯಾಕ್ ಆಫ್ ಮಾಡ್ದೆ? ಬಿಸಿಯಾಗ್ಲಿ ಬುಡು, ಸರಿ ಹೋಯ್ತದೆ."

"ಸರಿ ಹೋಗಕ್ಕಿಲ್ಲ. ಒಡ್ದೋಯ್ತದೆ. ಆಮೇಲೆ ಈ ಜನ್ಮಕ್ಕೆ ನಾನು ಇದನ್ನ ಓಡ್ಸಂಗಿಲ್ಲ." ನನ್ನ ಕಡೆ ತಿರುಗಿ, "ಲೋ, ಕಾಫಿ ಕುಡ್ದಿದ್ ಸಾಕು, ಹದಿನಾಲ್ಕರ ಸ್ಪ್ಯಾನರ್ ಕೊಡು," ಅಂದಳು.

ಕೊಟ್ಟೆ. ಎಂಜಿನ್ನನ್ನು ಇಳಿಸಿದವಳು ಅವಳೇ. ಭಾವ ಸುತ್ತ ಸುತ್ತ ತಿರುಗುತ್ತಾ ಮೂರು ಸಲ ಎಚ್ಚರಿಸಿದರು, "ಬಣ್ಣ, ಬಣ್ಣ!" ಅಕ್ಕ ಮತ್ತು ನಾನು ಅದನ್ನು ಗೋಣಿಚೀಲದಲ್ಲಿ ಸುತ್ತಿ, ಆಟೊದಲ್ಲಿ ಹಾಕಿಕೊಂಡು, ರೈಲ್ವೆ ಸ್ಟೇಷನ್ನಿನ ಕಡೆ ಸಣ್ಣ ಶೆಡ್ಡು ಇಟ್ಟುಕೊಂಡಿದ್ದ ಹಳೆಯ ಮೆಕ್ಯಾನಿಕ್ ಒಬ್ಬನ ಬಳಿ ಹೋದೆವು.

ಮುದುಕ ಒಂದು ಮೊಳೆ ಹಿಡಿದು ಕೂತು, ಪ್ರತಿ ಸ್ಕ್ರೂವಿನ ತಲೆಯಿಂದ ಬಣ್ಣ ಕೆರೆದು ತೆಗೆದ. ಅರ್ಧ ಗಂಟೆ ಅದಕ್ಕೇ ಹೋಯಿತು.

"ಬಣ್ಣ ಬಳ್ದೋರ್ ಯಾರಮ್ಮ?"

"ನಮ್ ಯಜಮಾನ್ರು."

"ಕೈ ಚೆನ್ನಾಗೈತೆ. ಬಾಗಿಲಿಗೆ ಬಳೀಲಿ."

ಮರದ ಸುತ್ತಿಗೆಯಲ್ಲಿ ತಟ್ಟಿ ಎರಡು ಹೋಳು ಮಾಡಿದಾಗ ಬೆಳ್ಳಿ ಬಣ್ಣ ಸಿಪ್ಪೆಯಂತೆ ಎದ್ದು ಬಂತು. ಒಳಗೆ ಬೇರಿಂಗಿನ ಪಂಜರ ಮೂರು ತುಂಡಾಗಿ ಬಿದ್ದಿತ್ತು. ಮುದುಕ ತುಂಡುಗಳನ್ನು ಅಕ್ಕನ ಅಂಗೈಗೆ ಹಾಕಿದ. ಇನ್ನೊಂದು ಐದು ನಿಮಿಷ ಓಡಿದ್ದರೆ ಕಡ್ಡಿ ಕಿತ್ತುಕೊಂಡು ಎಂಜಿನ್ನಿನ ಗೋಡೆ ತೂತು ಮಾಡುತ್ತಿತ್ತು, ಆ ಗೋಡೆ ಈಗ ಎಲ್ಲೂ ಸಿಗುವುದಿಲ್ಲ ಎಂದ. ಅಕ್ಕ ಆ ಲೋಹದ ಚೂರುಗಳನ್ನು ಮನೆಗೆ ತಂದು ಭಾವನ ಮುಂದೆ ಇಟ್ಟಳು. ಅವರು ಒಂದನ್ನು ಎತ್ತಿ ನೋಡಿ, ಕೆಳಗಿಟ್ಟು, "ಗೀರು ಬಿದ್ದೈತಾ?" ಎಂದು ಕೇಳಿದರು. ಚೂರಿನ ಮೇಲಲ್ಲ, ಬಣ್ಣದ ಮೇಲೆ.

ಹೊಸ ಬೇರಿಂಗು ಬರಲು ಎರಡು ವಾರ ಹಿಡಿಯಿತು. ಅಕ್ಕ ದಿನವೂ ಶೆಡ್ಡಿಗೆ ಹೋಗಿ ಸ್ಟೂಲು ಹಾಕಿಕೊಂಡು ಕೂತಳು. ಕೊನೆಯ ನಾಲ್ಕು ದಿನ ಮುದುಕ ಹೇಳಿದ, ಅವಳು ಬಿಗಿದಳು. ಆ ಅವಧಿಯಲ್ಲೇ ಭಾವ ನನ್ನನ್ನು ಪಕ್ಕಕ್ಕೆ ಕರೆದರು.

"ಪೇಪರ್ನಾಗೆ ಒಂದ್ ಫೋಟೊ ಹಾಕ್ಸ್ಲಾ. ಹಳೆ ಎಂಜಿನ್ನಿಗೆ ಜೀವ ಕೊಟ್ಟ ಕೊಬ್ಬರಿ ವ್ಯಾಪಾರಿ ಅಂತ."

"ರಿಪೇರಿ ಮಾಡಿದ್ದು ಯಾರು ಅಂತ ಬರೀಲಿ?"

"ಅದೆಲ್ಲ ಯಾಕ್ ಬರೀತಿಯಾ? ಫೋಟೊದಾಗೆ ಕಾಣೋದು ಬಣ್ಣ ತಾನೆ?"

ಅವರು ತಮಾಷೆ ಮಾಡುತ್ತಿರಲಿಲ್ಲ. ನಾನು ಪತ್ರಿಕೆಗೆ ಏನನ್ನೂ ಕಳಿಸಲಿಲ್ಲ.

ಎಂಜಿನ್ನು ಕೂರಿಸಿದ ದಿನ ಅದರ ಮೈ ಅಲ್ಲಲ್ಲಿ ಬೋಳಾಗಿ, ಸುಲಿದ ಆಲೂಗಡ್ಡೆಯಂತೆ ಕಾಣುತ್ತಿತ್ತು. ಅಕ್ಕ ಪೆಟ್ರೋಲಿಗೆ ಆಯಿಲು ಅಳೆದು ಬೆರೆಸಿದಳು. ಎರಡನೇ ಕಿಕ್ಕಿಗೆ ಹಿಡಿಯಿತು. ಸದ್ದು ಗಟ್ಟಿಯಾಗಿ, ಒಂದೇ ಸಮನೆ ಬಂತು. ಭಾವ ಸ್ಪ್ರೇ ಡಬ್ಬ ಹಿಡಿದುಕೊಂಡು ಗೇಟಿನ ಹತ್ತಿರ ನಿಂತಿದ್ದರು. "ನಿಲ್ಲೇ, ಒಂದ್ ಕೈ ಹೊಡ್ದು ಬುಡ್ತೀನಿ, ಜನ ಏನಂದಾರು!" ಎಂದು ಕೂಗಿದರು.

ಅವಳು ಲಿವರನ್ನು ಮುಂದಕ್ಕೆ ಮಡಚಿ, ಗೇರು ಹಾಕಿ, ಅವರ ಪಕ್ಕದಲ್ಲೇ ಹಾದು ತುರುವೇಕೆರೆ ರಸ್ತೆಗೆ ತಿರುಗಿದಳು. ಮಧ್ಯಾಹ್ನ ನಾನು ಕಚೇರಿಗೆ ಹೊರಡುವವರೆಗೂ ಬರಲಿಲ್ಲ. ಆಮೇಲೆ ಫೋನು ಮಾಡಿದಾಗ, ಮೂರನೇ ಗೇರು ಸ್ವಲ್ಪ ಬಿಗಿ, ನಾಳೆ ನೋಡಬೇಕು ಅಂದಳು.